ಯಾರಿಗೆ ಬರೆದ ಕಾಗದ?

ಕನ್ನಡದಲ್ಲಿ ನಾವು ಪತ್ರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ರಂಗೋಲಿಯನ್ನು ಹಾಕುತ್ತೇವೆ, ಗೋಡೆಗೆ ಸುಣ್ಣ ಬಳಿಯುತ್ತೇವೆ, ಮೂರ್ತಿಯನ್ನು ಕೆತ್ತುತ್ತೇವೆ. ಚಿತ್ರವನ್ನು ಮಾತ್ರ ಅಕ್ಷರದ ಸಾಲಿಗೇ ಸೇರಿಸಿ ಬರೆಯುತ್ತೇವೆ. ‘ಬಿಡಿಸುವುದು’ ಎಂಬ ಮಾತೂ ಉಂಟು. ಆದರೆ ನಾವು ಹೂವನ್ನೂ ಬಿಡಿಸುತ್ತೇವೆ, ಗಂಟನ್ನೂ ಬಿಡಿಸುತ್ತೇವೆ, ಲೆಕ್ಕವನ್ನೂ ಬಿಡಿಸುತ್ತೇವೆ. ಹಾಗೆಯೇ ‘ಕಾಗದ’ ಎಂದರೆ ಬರಿಯ ಹಾಳೆಯೂ ಹೌದು, ಒಬ್ಬರು ಇನ್ನೊಬ್ಬರಿಗೆ ಬರೆದ ಓಲೆಯೂ ಹೌದು. “ತವರಿನಿಂದ ಕಾಗದ ಬಂದಿದೆ” ಎಂದು ನಮ್ಮ ಅಜ್ಜಿ ಹೇಳಿದರೆ ಅಂಗಡಿಯಿಂದ ಹಾಳೆಯ ಕಟ್ಟು ಬಂದಿದೆ ಎಂದು ಯಾರೂ ತಿಳಿಯುತ್ತಿರಲಿಲ್ಲ. ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಹೇಳುತ್ತ 27 ವರ್ಷ ಕಳೆದಿರುವ ನನಗೆ, ಈ ಎರಡು ಮಾತುಗಳ ಬೆನ್ನಿಗೆ ಒಂದು ನೀತಿಯ ಪ್ರಶ್ನೆಯೂ ಇದೆ ಎಂದು ಹೊಳೆದದ್ದು ವ್ಯಾಕರಣದ ಪಾಠದಲ್ಲಲ್ಲ. ಶಾಲೆಯಲ್ಲಿ ಮಕ್ಕಳ ಚಿತ್ರಗಳನ್ನು ದಾರಕ್ಕೆ ಕಟ್ಟಿ ತೂಗುಹಾಕುವ ಗಡಿಬಿಡಿಯಲ್ಲಿ.

ಕಾಗದ ಬರೆದವರು ಒಬ್ಬರಿರುತ್ತಾರೆ, ಅದು ಮುಟ್ಟಬೇಕಾದವರು ಒಬ್ಬರಿರುತ್ತಾರೆ. ನಡುವೆ ಅದನ್ನು ಒಡೆದು ಓದಿದವರನ್ನು ಊರು ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ. ಚಿತ್ರದ ವಿಷಯದಲ್ಲಿ, ಅದರಲ್ಲೂ ಮಕ್ಕಳ ಚಿತ್ರದ ವಿಷಯದಲ್ಲಿ, ಇಂಥ ಕಟ್ಟುಪಾಡೇನೂ ಇಲ್ಲ. ಮಗು ಬರೆದು ಮುಗಿಸುವ ಮೊದಲೇ ಹಾಳೆ ಕೈಯಿಂದ ಕೈಗೆ ಹೋಗಿರುತ್ತದೆ. ವ್ಯಂಗ್ಯಚಿತ್ರಕಾರ ಶಂಕರ್ ಅವರು 1949ರಲ್ಲಿ ದೆಹಲಿಯಲ್ಲಿ ಮಕ್ಕಳ ಚಿತ್ರಸ್ಪರ್ಧೆಯನ್ನು ಆರಂಭಿಸಿದ ಕಾಲದಿಂದ ನಮ್ಮ ಶಾಲೆಗಳ ಇಂದಿನ ಪ್ರತಿಭಾ ಕಾರಂಜಿಯವರೆಗೆ, ಮಕ್ಕಳ ಚಿತ್ರ ಇರುವುದೇ ತೋರಿಸುವುದಕ್ಕೆ ಎಂಬುದು ಎಲ್ಲರೂ ಒಪ್ಪಿಕೊಂಡ ಮಾತು. ಅದರಿಂದ ಒಳ್ಳೆಯದೂ ಆಗಿದೆ. ಮಗುವಿನ ಗೆರೆಗೂ ಒಂದು ಬೆಲೆಯಿದೆ ಎಂದು ದೊಡ್ಡವರು ಒಪ್ಪಿದ್ದು ಹೀಗೆ ತೋರಿಸುತ್ತ ಬಂದದ್ದರಿಂದಲೇ. ಆದರೆ ತೋರಿಸುವ ಹಕ್ಕು ಯಾರದು? ಬರೆದ ಕೈಯದೇ, ಕಲಿಸಿದ ಗುರುವಿನದೇ, ಹಾಳೆ ಬಣ್ಣ ಕೊಡಿಸಿದ ಶಾಲೆಯದೇ?

ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. 8ರಿಂದ 10ನೇ ತರಗತಿಯವರೆಗೆ ಆಗ 114 ಮಕ್ಕಳಿದ್ದರು. 2024ರ ಜನವರಿಯಲ್ಲಿ ಚಿತ್ರ ಪ್ರದರ್ಶನ ಮಾಡೋಣವೆಂದು ಹೊರಟವರು ನಮ್ಮ ಡ್ರಾಯಿಂಗ್ ಮಾಸ್ತರು. ಸೇವಾ ಪುಸ್ತಕದಲ್ಲಿ ಅವರು ಚಿತ್ರಕಲಾ ಶಿಕ್ಷಕರು. ಊರಿಗೆಲ್ಲ ಡ್ರಾಯಿಂಗ್ ಮಾಸ್ತರು. ಶಾಲೆಯ ಗೋಡೆಗಳಿಗೆ ಆಗಷ್ಟೇ ಹೊಸ ಬಣ್ಣ ಹೊಡೆಸಿದ್ದರಿಂದ ಮುಖ್ಯೋಪಾಧ್ಯಾಯರು ಅಂಟು, ಟೇಪು, ಮೊಳೆ ಮೂರನ್ನೂ ನಿಷೇಧಿಸಿಬಿಟ್ಟರು. ಹೀಗಾಗಿ ಚಿತ್ರಗಳನ್ನು ಕೋಣೆಯ ನಡುವೆ ತೂಗುಬಿಡುವ ಉಪಾಯ ಹುಟ್ಟಿದ್ದು ಕಲಾದೃಷ್ಟಿಯಿಂದಲ್ಲ, ಬಣ್ಣದ ಬಿಲ್ಲಿನಿಂದ. ದೊಡ್ಡ ಊರುಗಳ ಗ್ಯಾಲರಿಗಳಲ್ಲಿ ಇದನ್ನು ಹೊಸ ಬಗೆಯ ಪ್ರದರ್ಶನವೆಂದೇ ಮಾಡುತ್ತಾರೆ. ಇರಲಿ.

ತೂಗುಹಾಕುವುದು ಹೇಳಿದಷ್ಟು ಸುಲಭವಲ್ಲ. ಕಿಟಕಿಯ ಸರಳಿನಿಂದ ಎದುರು ಕಿಟಕಿಯ ಸರಳಿಗೆ ಕಬ್ಬಿಣದ ತಂತಿ ಬಿಗಿದೆವು. ಅದರಿಂದ ಇಳಿಬಿಡಲು ಮೊದಲು ಸುತಳಿ ತಂದೆವು. ಚಿತ್ರಕ್ಕಿಂತ ಮುಂಚೆ ಸುತಳಿಯೇ ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ಹೊಳೆದಂಡೆಯ ಊರಿನ ಹುಡುಗನೊಬ್ಬ ಮೀನು ಹಿಡಿಯುವ ತಂಗೂಸಿ ದಾರ ತಂದ. ಅದು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಗಂಟು ನಿಲ್ಲುವುದಿಲ್ಲ, ಜಾರುತ್ತದೆ. ಗಾಳ ಕಟ್ಟುವವರ ಗಂಟೇ ಬೇಕು. ಆ ಗಂಟು ಬರುತ್ತಿದ್ದದ್ದು ಅವನೊಬ್ಬನಿಗೆ. ಯಾವ ಪರೀಕ್ಷೆಯಲ್ಲೂ ಯಾರೂ ಹುಡುಕದಿದ್ದ ಆ ಹುಡುಗನನ್ನು ಮೂರು ದಿನ ಇಡೀ ಶಾಲೆ ಕೂಗಿ ಕರೆಯುತ್ತಿತ್ತು. ಚಳಿಗಾಲದ ಒಣಗಾಳಿಗೆ ಹಾಳೆ ಸುರುಳಿಯಾಗುತ್ತದೆಂದು ಮೇಲೂ ಕೆಳಗೂ ತೆಂಗಿನ ಕಡ್ಡಿ ಅಂಟಿಸಿದೆವು. ಒಂದೇ ದಾರಕ್ಕೆ ಕಟ್ಟಿದ ಹಾಳೆ ಗಾಳಿ ಬಂದತ್ತ ತಿರುಗುತ್ತದೆ. ಎರಡು ಮೂಲೆಗೆ ಎರಡು ದಾರ ಕಟ್ಟಿದರೆ ಮುಖ ಕೊಟ್ಟು ನಿಲ್ಲುತ್ತದೆ. ಇದನ್ನು ಕಂಡುಕೊಳ್ಳಲು ಒಂದು ಮಧ್ಯಾಹ್ನ ಹೋಯಿತು.

ತಿರುಗತೊಡಗಿದ ಮೇಲೆ ಗೊತ್ತಾದದ್ದು ಇನ್ನೊಂದು. ಗೋಡೆಗೆ ಅಂಟಿಸಿದ ಚಿತ್ರಕ್ಕೆ ಮುಖ ಮಾತ್ರ ಇರುತ್ತದೆ. ತೂಗುಬಿಟ್ಟ ಚಿತ್ರಕ್ಕೆ ಬೆನ್ನೂ ಇರುತ್ತದೆ. ನಮ್ಮ ಮಕ್ಕಳು ಅರ್ಧಕ್ಕಿಂತ ಹೆಚ್ಚು ಚಿತ್ರಗಳನ್ನು ಬರೆದದ್ದು ಹಳೆಯ ಹಾಳೆಗಳ ಬೆನ್ನಿಗೆ. ಮುಂದೆ ನವಿಲು, ಹಿಂದೆ ಗಣಿತದ ಕಿರುಪರೀಕ್ಷೆ, 25ಕ್ಕೆ 7. ಮುಂದೆ ಅಂಜನಾದ್ರಿ ಬೆಟ್ಟ, ಹಿಂದೆ ಅಂಗಡಿಯ ಉದ್ದರಿ ಲೆಕ್ಕ. ಒಂದರ ಹಿಂದೆ ಗೆಳೆಯನ ಮೇಲಿನ ಸಿಟ್ಟಿನ ನಾಲ್ಕು ಸಾಲು, ಹೆಸರಿನ ಸಮೇತ. ಮಕ್ಕಳೇ ಮೊದಲು ಅದನ್ನು ಗಮನಿಸಿದರು. ಮೊದಲು ನಗು, ಆಮೇಲೆ ಗಾಬರಿ. ಬೆನ್ನಿಗೆ ಬಿಳಿ ಹಾಳೆ ಅಂಟಿಸಬೇಕೆ ಬೇಡವೆ ಎಂಬುದನ್ನು ಅವರವರಿಗೇ ಬಿಟ್ಟೆವು. ಸಂಜೆಯವರೆಗೆ ಕೂತು ಬಹುಮಂದಿ ಅಂಟಿಸಿಕೊಂಡರು. 25ಕ್ಕೆ 7ರ ಹುಡುಗ ಮಾತ್ರ ಹಾಗೇ ಬಿಟ್ಟ. “ಇರ್ಲಿ ಬಿಡ್ರಿ, ನವಿಲಿಗೆ 25ಕ್ಕೆ 25 ಐತಲ್ಲ” ಎಂದ. ಅವನ ಧೈರ್ಯವನ್ನು ಮೆಚ್ಚಿದೆ. ಆದರೆ ಅಂಟಿಸಿಕೊಂಡವರು ಅಳ್ಳೆದೆಯವರೆಂದು ನನಗೆ ಅನ್ನಿಸಲಿಲ್ಲ. ತನ್ನ ಬೆನ್ನನ್ನು ತೋರಿಸುವುದೂ ಮುಚ್ಚುವುದೂ ಅವರವರ ಸ್ವಾತಂತ್ರ್ಯ.

ಎಲ್ಲರ ಚಿತ್ರವೂ ಇರಬೇಕೆ, ಆಯ್ದದ್ದು ಇರಬೇಕೆ ಎಂಬ ಜಗಳ ಎಲ್ಲ ಶಾಲೆಗಳಲ್ಲೂ ಇರುವುದೇ. ಪ್ರತಿ ಮಗುವಿನದೂ ಒಂದಾದರೂ ಇರಲಿ ಎಂದು ನಾನು. “ಹಾಗಾದರೆ ಅದು ಪ್ರದರ್ಶನ ಅಲ್ಲ ಮೇಡಂ, ಹಾಜರಿ ಪುಸ್ತಕ” ಎಂದು ಡ್ರಾಯಿಂಗ್ ಮಾಸ್ತರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಎಲ್ಲವನ್ನೂ ಒಂದೇ ಎಂದರೆ ಚೆನ್ನಾಗಿ ಬರೆದ ಮಗುವಿಗೆ ಅದೂ ಒಂದು ಬಗೆಯ ಅನ್ಯಾಯ. ಆದರೆ ಹದಿಮೂರು ವರ್ಷದ ಮಗುವಿಗೆ “ನಿನ್ನದು ತೂಗುವಷ್ಟಿಲ್ಲ” ಎಂದು ಹೇಳುವ ತಕ್ಕಡಿ ನನ್ನ ಕೈಯಲ್ಲಿ ಬೇಡ. ಕೊನೆಗೆ ತಲೆಗೊಂದು ಎಂದು ಒಪ್ಪಂದವಾಯಿತು. ಯಾವುದು ಎಂಬುದನ್ನು ಮಗುವೂ ಮಾಸ್ತರೂ ಕೂತು ಆರಿಸುವುದು. ಎತ್ತರದ ಬಗ್ಗೆಯೂ ಒಂದು ಮಾತು ಬಂತು. ಚಿತ್ರಗಳು ಎಂಟನೇ ತರಗತಿಯ ಮಕ್ಕಳ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು ನಾಲ್ಕೂವರೆ ಅಡಿಗೆ ಇರಲಿ ಎಂದೆ. “ಸಾಹೇಬರು ಬಂದರೆ ಬಗ್ಗಬೇಕಾಗುತ್ತದಲ್ಲ” ಎಂದರು ಮುಖ್ಯೋಪಾಧ್ಯಾಯರು. ಬಾಗಿಲ ಬಳಿ ನಿಂತಿದ್ದ ನಮ್ಮ ಜವಾನ ಮೆಲ್ಲಗೆ, “ಬಗ್ಗಲಿ ಬಿಡ್ರಿ ಸರ್, ಸೊಂಟಕ್ಕ ಒಳ್ಳೇದು” ಎಂದ. ನಾಲ್ಕೂವರೆ ಅಡಿಯೇ ನಿಂತಿತು.

ಇಷ್ಟೆಲ್ಲ ತೂಗುವ ಚಿತ್ರಗಳ ಕತೆ. ಇನ್ನೊಂದು ಕೋಣೆಯನ್ನು ಕತ್ತಲು ಮಾಡಿ ಅಲ್ಲಿ ಬೆಳಕಿನ ಚಿತ್ರಗಳನ್ನು ಮೂಡಿಸುವುದೆಂದು ಮಾಸ್ತರು ಯೋಚಿಸಿದ್ದರು. ಶಾಲೆಯ ಉಗ್ರಾಣದಲ್ಲಿ ಹಳೆಯ ಓವರ್‌ಹೆಡ್ ಪ್ರೊಜೆಕ್ಟರ್ ಒಂದಿತ್ತು. ಅದರ ಬಲ್ಬು ಇನ್ನೂ ಉರಿಯುತ್ತದೆ ಎಂಬುದೇ ದೊಡ್ಡ ಸುದ್ದಿಯಾಯಿತು. ಮಕ್ಕಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಮೇಣದ ಬಣ್ಣಗಳಿಂದ ಉತ್ಸಾಹದಿಂದ ಬರೆದು ತಂದರು. ದೀಪ ಹಚ್ಚಿದರೆ ಪರದೆಯ ಮೇಲೆ ಕೆಂಪು ಇಲ್ಲ, ಹಳದಿ ಇಲ್ಲ, ಎಲ್ಲವೂ ಕಪ್ಪು! ಮೇಣದ ಬಣ್ಣ ಬೆಳಕನ್ನು ತನ್ನ ಮೂಲಕ ಬಿಡುವುದಿಲ್ಲ. ಹಾಳೆಯ ಮೇಲೆ ಎಷ್ಟೇ ಕೆಂಪಾಗಿದ್ದರೂ ಗೋಡೆಗೆ ಬೀಳುವುದು ಅದರ ನೆರಳು.

ಇದನ್ನು ನಮ್ಮ ತೊಗಲು ಬೊಂಬೆಯವರು ಎಂದೋ ಬಲ್ಲರು. ಆಡಿನ ತೊಗಲನ್ನು ಹೆರೆದು ತೆಳುವಾಗಿಸಿ, ಬೆಳಕು ಹಾಯುವಂತೆ ಹದಮಾಡಿ, ಬಣ್ಣ ಹಾಕಿ, ಒಡವೆ ಅಂಚುಗಳ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ದೀಪದ ಮುಂದೆ ಹಿಡಿದಾಗ ಸೀತೆಯ ಸೀರೆಯ ಬಣ್ಣ ಪರದೆಗೆ ಬರುತ್ತದೆ, ತೂತುಗಳೇ ಮುತ್ತುಗಳಾಗುತ್ತವೆ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ಅವರ 96ನೇ ವಯಸ್ಸಿನಲ್ಲಿ, ಪದ್ಮಶ್ರೀ ಬಂದದ್ದು ಎಲ್ಲರಿಗೂ ಗೊತ್ತು. ನಾನು ಚಿಕ್ಕವಳಾಗಿದ್ದಾಗ ರಾತ್ರಿಯಿಡೀ ಕೂತು ಆ ಆಟ ನೋಡಿದ್ದೇನೆ. ಬೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ ಗೆರೆಯೂ ಸ್ಪಷ್ಟ. ಪರದೆಯಿಂದ ಹಿಂದಕ್ಕೆ, ದೀಪದ ಕಡೆಗೆ ಒಯ್ದರೆ ಬೊಂಬೆ ಬೆಳೆಯುತ್ತದೆ, ಬೆಳೆದಂತೆ ಅಂಚು ಮಸುಕಾಗುತ್ತದೆ. ಹಿಗ್ಗುವುದಕ್ಕೆ ತೆರಬೇಕಾದ ಬೆಲೆ ಅದು. ಮಕ್ಕಳು ಮೇಣದ ಬಣ್ಣ ಬಿಟ್ಟು ಬಣ್ಣದ ಗಾಜುಕಾಗದವನ್ನು ಕತ್ತರಿಸಿ ಅಂಟಿಸಿದರು. ಆಗ ಪರದೆಯ ಮೇಲೆ ಬಣ್ಣ ಹರಿಯಿತು.

ಕತ್ತಲ ಕೋಣೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮೂಡಿದ್ದು ಯಾರೂ ಬರೆಯದ ಒಂದು ಚಿತ್ರ. ಹಂಪಿಯ ವಿರೂಪಾಕ್ಷ ದೇವಾಲಯದ ಹಿಂಭಾಗದಲ್ಲಿ ಕಿಂಡಿಯೊಂದರಿಂದ ಬಂದ ಬೆಳಕು, ಸುಮಾರು 50 ಮೀಟರ್ ಎತ್ತರದ ರಾಜಗೋಪುರವನ್ನು ಒಳಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವುದನ್ನು ನಮ್ಮ ಮಕ್ಕಳು ಪ್ರವಾಸದಲ್ಲಿ ನೋಡಿದ್ದರು. ಬೆಳಕು ನೇರವಾಗಿ ಚಲಿಸುತ್ತದೆ. ಮೇಲಿನಿಂದ ಹೊರಟದ್ದು ಕಿಂಡಿಯನ್ನು ಹಾದು ಕೆಳಕ್ಕೆ ಬೀಳುತ್ತದೆ, ಕೆಳಗಿನದು ಮೇಲಕ್ಕೆ. ವಿಜ್ಞಾನದ ಮೇಡಂ ಇದನ್ನೇ ಮಾಡೋಣವೆಂದರು. ಕಿಟಕಿಗಳಿಗೆಲ್ಲ ರಟ್ಟು, ಕರಿ ಬಟ್ಟೆ ಮುಚ್ಚಿ, ರಸ್ತೆಯ ಕಡೆಯ ರಟ್ಟಿಗೆ ಕಡಲೆಕಾಳಿನಷ್ಟು ತೂತು ಮಾಡಿ, ಎದುರಿಗೆ ಬಿಳಿ ಪಂಚೆ ಕಟ್ಟಿದೆವು. ಐದು ನಿಮಿಷ ಸುಮ್ಮನೆ ಕೂರಬೇಕು, ಕಣ್ಣು ಕತ್ತಲಿಗೆ ಹೊಂದಬೇಕು. ಆಮೇಲೆ ಪಂಚೆಯ ಮೇಲೆ ಬೇವಿನ ಮರ ತಲೆಕೆಳಗಾಗಿ ತೂಗತೊಡಗುತ್ತದೆ, ಎಲೆ ಅಲುಗುವುದೂ ಕಾಣುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ರಸ್ತೆಯಲ್ಲಿ ಹೋಗುವವರೆಲ್ಲ ಪಂಚೆಯ ಮೇಲೆ ತಲೆ ಕೆಳಗೆ ಮಾಡಿಕೊಂಡು ನಡೆದರು. ಎತ್ತಿನ ಗಾಡಿ ಹೋಯಿತು. ಪಂಚಾಯಿತಿಯ ಹಿರಿಯರೊಬ್ಬರು ಗಂಭೀರವಾಗಿ ಕಾಲು ಮೇಲಾಗಿ ಸಾಗಿದಾಗ ಮಕ್ಕಳಿಗೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಬೇವಿನ ನೆರಳಿಗೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ತಲೆಯ ಮೇಲಿನ ಪುಟ್ಟಿ ಇಳಿಸಿ, ಅತ್ತಿತ್ತ ನೋಡಿ, ಸೀರೆಯ ನೆರಿಗೆ ಸರಿಮಾಡಿಕೊಳ್ಳತೊಡಗಿದಳು. ಸುತ್ತ ಯಾರೂ ಇಲ್ಲವೆಂದು ಅವಳು ತಿಳಿದದ್ದು ಸಹಜ. ಒಳಗೆ ಕತ್ತಲಲ್ಲಿ ನಲವತ್ತು ಜೊತೆ ಕಣ್ಣುಗಳಿದ್ದವು. ಯಾರೂ ಏನೂ ಹೇಳುವ ಮೊದಲೇ ಪಂಚೆ ಕಪ್ಪಾಯಿತು. ಎಂಟನೇ ತರಗತಿಯ ಹುಡುಗನೊಬ್ಬ ಎದ್ದು ಹೋಗಿ ತೂತಿಗೆ ಅಂಗೈ ಒತ್ತಿ ನಿಂತಿದ್ದ. “ಆಕಿಗೆ ಗೊತ್ತಿಲ್ಲರೀ ನಾವು ನೋಡಾಕತ್ತೀವಂತ” ಎಂದ. ಸ್ವಲ್ಪ ಹೊತ್ತಿನ ನಂತರ ಬೆರಳು ಸರಿಸಿ ಇಣುಕಿ, ಅವಳು ಹೋದಳೆಂದು ಖಾತ್ರಿ ಮಾಡಿಕೊಂಡು ಕೈ ತೆಗೆದ. ನೀತಿಪಾಠದ ಪುಸ್ತಕದಲ್ಲಿ ಇದಕ್ಕೆ ಪಾಠವಿಲ್ಲ. ನೈವೇದ್ಯದ ಹೊತ್ತಿಗೆ ದೇವರಿಗೂ ಪರದೆ ಎಳೆಯುವ ನಾಡಿನವನು ಅವನು. ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲವೇನೋ.

ಇನ್ನು ಒಂಬತ್ತನೇ ತರಗತಿಯ ಒಬ್ಬಳು ಹುಡುಗಿಯ ಚಿತ್ರದ ವಿಷಯ. ಅವಳ ಹೆಸರು ಇಲ್ಲಿ ಬೇಡ. ಇದನ್ನು ಬರೆಯುವ ಮುನ್ನ ಅವಳನ್ನು ಕೇಳಿದ್ದೇನೆ. ಈಗ ಪಿಯುಸಿ ಓದುತ್ತಿದ್ದಾಳೆ. “ಬರೀರಿ ಮೇಡಂ, ಆದ್ರ ತಾಡಪಾಲಿನ ಬಣ್ಣ ಬ್ಯಾರೆ ಹೇಳ್ರಿ” ಎಂದಳು. ಹಾಗೆಯೇ ಹೇಳುತ್ತೇನೆ.

ಅವಳ ತಂದೆತಾಯಿ ಗುಳೆ ಹೋದವರು. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ, ಕೊಡದ ವರ್ಷವೂ, ಸಂಸಾರಗಳು ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಮಂಗಳೂರಿಗೋ ಗೋವೆಗೋ ಕಟ್ಟಡದ ಕೆಲಸಕ್ಕೆ ಹೋಗುವುದು ಹೊಸದಲ್ಲ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಈ ಹುಡುಗಿ ಬೇಸಿಗೆ ರಜೆಯಲ್ಲಿ ಹೋಗಿ ಬೆಂಗಳೂರಿನಲ್ಲಿ ಇದ್ದು ಬಂದಿದ್ದಳು. ಚಿತ್ರದಲ್ಲಿ ಒಂದು ಎತ್ತರದ ಕಟ್ಟಡ. ಅದರ ಒಂದೊಂದು ಕಿಟಕಿಯನ್ನೂ ಪಟ್ಟಿ ಹಿಡಿಯದೆ, ಕೈಯಿಂದಲೇ, ಬೇಸರವಿಲ್ಲದೆ ಬರೆದಿದ್ದಳು. ಅದರ ಬುಡದಲ್ಲಿ ನೀಲಿ ತಾಡಪಾಲಿನ ಒಂದು ಗುಡಿಸಲು. ಮೂರು ಕಲ್ಲಿನ ಒಲೆ, ಬೋರಲು ಹಾಕಿದ ಪಾತ್ರೆ, ಹಗ್ಗದ ಮೇಲೆ ಒಣಗಲು ಹಾಕಿದ ಒಂದು ಸೀರೆ. ಮನುಷ್ಯರಾರೂ ಇಲ್ಲ. ಆ ಸೀರೆಯ ಅಂಚಿಗೆ ಮಾತ್ರ ಅವಳು ಬಹಳ ಹೊತ್ತು ಕೆಲಸ ಮಾಡಿದ್ದು ಕಾಣುತ್ತಿತ್ತು. ಇಡೀ ಶಾಲೆಯ ಚಿತ್ರಗಳಲ್ಲಿ ಅದಕ್ಕೆ ಸಮನಾದದ್ದು ಇರಲಿಲ್ಲ. ಇದನ್ನು ನಾನು ಹೇಳುವುದಕ್ಕಿಂತ ಮಾಸ್ತರು ಹೇಳಿದ್ದೇ ಸರಿ: “ಇವಳಿಗೆ ನಾನು ಏನೂ ಕಲಿಸಿಲ್ಲ ಮೇಡಂ.”

ಮಾಸ್ತರು ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರಿನಿಂದ ಕತ್ತಲ ಕೋಣೆಯ ಗೋಡೆಗೆ ಬಿಟ್ಟರು. ಒಂದು ಅಡಿಯ ಹಾಳೆ ಹತ್ತು ಅಡಿಯಾಯಿತು. ಲೆಕ್ಕ ಸುಲಭ: ಉದ್ದ ಹತ್ತು ಪಟ್ಟಾದರೆ ವಿಸ್ತಾರ ನೂರು ಪಟ್ಟು. ಪೆನ್ಸಿಲಿನ ಒಂದು ಮಿಲಿಮೀಟರ್ ಗೆರೆ ಬೆರಳಿನ ದಪ್ಪಕ್ಕೆ ಬಂತು. ಎಲ್ಲಿ ಅಳಿಸಿ ಮತ್ತೆ ಬರೆದಿದ್ದಳೋ, ಎಲ್ಲಿ ಕೈ ನಡುಗಿತ್ತೋ, ಅದೆಲ್ಲವೂ ಗೋಡೆಯ ತುಂಬ. ಮಕ್ಕಳು “ಅಬ್ಬಾ” ಎಂದರು. ಹುಡುಗಿ ಒಂದು ಮಾತೂ ಆಡದೆ ಹೊರಗೆ ಹೋದಳು. ಮರುದಿನ ಬೆಳಗ್ಗೆ ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು.

“ನನ್ನ ಚಿತ್ರ ಬ್ಯಾಡ್ರಿ ಮೇಡಂ.”

ಅವಳಿಗೆ ನಾಚಿಕೆಯಾಗಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಮಾಸ್ತರೂ ಹಾಗೇ ಅಂದುಕೊಂಡರು, “ದುಡಿದು ತಿನ್ನೋದಕ್ಕ ಯಾಕ ನಾಚಿಕಿ ತಂಗಿ?” ಎಂದು ಬಹಳ ಮೃದುವಾಗಿಯೇ ಕೇಳಿದರು. ಅವಳು ತಲೆ ಎತ್ತಿ ನೋಡಿದಳು. “ನಾಚಿಕಿ ಅಲ್ರಿ ಸರ್. ಅದು ಅವ್ವಗ ಬರೆದಿದ್ದು. ಅವ್ವ ಇನ್ನೂ ನೋಡಿಲ್ಲ. ಊರಾಗಿನವ್ರೆಲ್ಲ ಮೊದ್ಲ ನೋಡಿಬಿಟ್ರ ಹೆಂಗ್ರಿ?”

ಅಪ್ಪನ ಮೊಬೈಲಿಗೆ ಇವತ್ತೇ ಕಳಿಸೋಣ ಎಂದರು ಮಾಸ್ತರು. ಬೇಡವೆಂದಳು. ಆ ಮೊಬೈಲನ್ನು ಸಾಲಿನ ಗುಡಿಸಲಿನವರೆಲ್ಲ ನೋಡುತ್ತಾರಂತೆ. ತಾಯಿ ಯುಗಾದಿಗೆ ಬರುತ್ತಾಳೆ, ಕೈಯಲ್ಲಿ ಕೊಡುತ್ತೇನೆ ಎಂದಳು.

ಅವಳು ಹೋದ ಮೇಲೆ ಮಾಸ್ತರಿಗೂ ನನಗೂ ವಾದವಾಯಿತು. ಅವರ ಮಾತನ್ನು ಇಲ್ಲಿ ಚಿಕ್ಕದು ಮಾಡಿ ಹೇಳಲಾರೆ, ಏಕೆಂದರೆ ಅದು ಚಿಕ್ಕದಲ್ಲ. ಅವರೆಂದರು: “ಪ್ರತಿ ವರ್ಷ ಎರಡು ಗುಡ್ಡದ ನಡುವೆ ಸೂರ್ಯ, ಒಂದು ತೆಂಗಿನ ಮರ, ಒಂದು ಗುಡಿಸಲು ನೋಡಿ ನೋಡಿ ಸಾಕಾಗಿದೆ. ನಮ್ಮ ಊರಿನ ಅರ್ಧ ಬೀಗ ಹಾಕಿದ ಮನೆಗಳ ಕತೆ ಒಂದು ಚಿತ್ರದಲ್ಲಿ ಬಂದಿದೆ. ಅದನ್ನು ಅಧಿಕಾರಿಗಳು ನೋಡಲಿ, ಶಾಸಕರು ನೋಡಲಿ, ಊರಿನವರೂ ನೋಡಲಿ. ಒಳ್ಳೆಯ ಚಿತ್ರ ಬರೆದವರೊಬ್ಬರದೇ ಆಗಿ ಉಳಿಯುವುದಿಲ್ಲ ಮೇಡಂ. ಹಿರೇಬೆಣಕಲ್ಲಿನ ಬಂಡೆಯ ಚಿತ್ರ ನೋಡಲು ಹೋದಾಗ ಬರೆದವರನ್ನು ಕೇಳಿ ನೋಡಿದೆವೇ?”

ಹಿರೇಬೆಣಕಲ್ಲಿನ ಮೌರ್ಯರ ಗುಡ್ಡದಲ್ಲಿ ಬಂಡೆಗಳ ಮರೆಯಲ್ಲಿ ಕೆಂಪು ಕಾವಿಯಿಂದ ಬರೆದ ಬೇಟೆಯ, ಕುಣಿತದ ಚಿತ್ರಗಳಿವೆ. ಬರೆದವರನ್ನು ಕೇಳಲು ಅವರಿಲ್ಲ. ಇಲ್ಲದವರನ್ನು ಕೇಳಲಾಗಲಿಲ್ಲವೆಂದು ಇರುವವಳನ್ನೂ ಕೇಳದಿರುವುದೇ? ನಾನು ಅಷ್ಟೇ ಹೇಳಿದೆ. ಆದರೆ ಅವರ ಮೊದಲ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನೋಡಲೇಬೇಕಾದ್ದನ್ನು ಜನ ನೋಡದೆ ಹೋದರೆ ಅದೂ ನಷ್ಟವೇ. ಗುಳೆಯ ಸಂಕಟವನ್ನು ಸಭೆಗಳಲ್ಲಿ ಭಾಷಣವಾಗಿ ಎಷ್ಟು ಸಲ ಕೇಳಿದ್ದೇವೆ! ಆ ಒಂದು ಸೀರೆಯ ಅಂಚು ಹೇಳುವುದನ್ನು ಯಾವ ಭಾಷಣವೂ ಹೇಳಿರಲಿಲ್ಲ.

ಕಾವ್ಯಮೀಮಾಂಸೆ ಓದಿದವರಿಗೆ ಚಿತ್ರತುರಗ ನ್ಯಾಯ ಗೊತ್ತು. ಶ್ರೀಶಂಕುಕನ ಗ್ರಂಥ ಉಳಿದಿಲ್ಲ. ಅಭಿನವಗುಪ್ತ ಎತ್ತಿ ಹೇಳಿದ್ದರಿಂದ ಅವನ ಮಾತು ನಮಗೆ ಸಿಕ್ಕಿದೆ. ಚಿತ್ರದಲ್ಲಿರುವ ಕುದುರೆಯನ್ನು ನೋಡಿದಾಗ ಆಗುವ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ. ಅದು ಬೇರೆಯೇ ಒಂದು ಬಗೆ. ರಾಮನ ಪಾತ್ರ ಮಾಡಿದ ನಟನನ್ನು ನಾವು ರಾಮನೆಂದು ನೋಡುವುದು ಹೀಗೆ. ಬಿ.ಎ. ತರಗತಿಯಲ್ಲಿ ಇದನ್ನು ಓದಿದಾಗ ಬಹಳ ಸೊಗಸಾಗಿ ಕಂಡಿತ್ತು. ಆದರೆ ಶಂಕುಕನ ಕುದುರೆಗೆ ನೆರೆ‌ಹೊರೆಯವರಿರಲಿಲ್ಲ. “ಇದು ಇಂಥವರ ಕುದುರೆಯಲ್ಲವೆ, ಮೈ ಇಳಿದಿದೆಯಲ್ಲ, ಮೇವು ಹಾಕುವುದಿಲ್ಲವೇನು?” ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಊರಿನಲ್ಲಿ ಹತ್ತು ಅಡಿಯ ಗೋಡೆಯ ಮೇಲೆ ಆ ಗುಡಿಸಲು ಮೂಡಿದರೆ ಅದು ನಿಜವೂ ಅಲ್ಲದ ಸುಳ್ಳೂ ಅಲ್ಲದ ಗುಡಿಸಲಾಗಿ ಒಂದು ಗಳಿಗೆಯೂ ಉಳಿಯುವುದಿಲ್ಲ. ಅದು ಇಂಥವನ ಗುಡಿಸಲು, ಇಂಥವಳ ಸೀರೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಳದಣಕರರ ದೀಪ ಹಿಡಿದ ಹೆಣ್ಣುಮಗಳ ಚಿತ್ರವನ್ನು ಕತ್ತಲಲ್ಲಿ ಇಟ್ಟು ತೋರಿಸುತ್ತಿದ್ದದ್ದನ್ನು ಅನೇಕರು ನೋಡಿರಬಹುದು. ಅದನ್ನು ರವಿವರ್ಮನದೆಂದು ತಿಳಿದವರೇ ಹೆಚ್ಚು. ಕತ್ತಲಲ್ಲಿ ಆ ದೀಪ ಉರಿಯುತ್ತಿದೆಯೆಂದೇ ಅನ್ನಿಸುತ್ತದೆ. ಅದಕ್ಕೆ ಮಾದರಿಯಾಗಿ ನಿಂತವಳು ಕಲಾವಿದರ ಮಗಳು ಗೀತಾ. ತಂದೆ ಬರೆದ, ಮಗಳು ನಿಂತಳು, ಇಬ್ಬರಿಗೂ ಒಪ್ಪಿಗೆಯಿತ್ತು. ನಮ್ಮ ಕೋಣೆಯಲ್ಲಿ ಆಗಲಿದ್ದದ್ದು ಅದರ ತಿರುವುಮುರುವು. ಮಗಳು ಬರೆದಿದ್ದಾಳೆ, ತಾಯಿಯ ಸೀರೆ ನಿಂತಿದೆ, ತಾಯಿಗೆ ಗೊತ್ತಿಲ್ಲ.

ಇಲ್ಲಿ ಒಂದು ಮಾತನ್ನು ಬೇರ್ಪಡಿಸಿ ಹೇಳಬೇಕು. ಮಕ್ಕಳ ಚಿತ್ರದಲ್ಲಿ ಕೆಲವು ಸಲ ನಾವು ಕಂಡು ಬೆಚ್ಚುವಂಥದು ಇರುತ್ತದೆ. ಮನೆಯ ಒಳಗಿನ ಹೊಡೆತ, ಭಯ, ಹೇಳಬಾರದೆಂದು ಯಾರೋ ಬಾಯಿ ಮುಚ್ಚಿಸಿದ ಸಂಗತಿ. ಅಂಥ ಕಾಗದಕ್ಕೆ ವಿಳಾಸವಿಲ್ಲ. ಯಾರ ಕೈಗೆ ಸಿಕ್ಕಿತೋ ಅವರಿಗೇ ಬರೆದದ್ದು ಅದು. ಅದನ್ನು “ಮಗುವಿನ ಗುಟ್ಟು” ಎಂದು ಮಡಿಚಿಡುವ ಅಧಿಕಾರ ಶಿಕ್ಷಕರಿಗಿಲ್ಲ. ಮಗುವಿನ ಜೊತೆ ಕೂತು ಕೇಳಬೇಕು, 1098ಕ್ಕೆ ಫೋನು ಮಾಡಬೇಕಾದರೆ ಮಾಡಬೇಕು. ಆದರೆ ಅದನ್ನೂ ದಾರಕ್ಕೆ ಕಟ್ಟಿ ತೂಗಬೇಕಾಗಿಲ್ಲ. ನೆರವಾಗುವುದು ಬೇರೆ, ತೋರಿಸುವುದು ಬೇರೆ. ಮೊಬೈಲು ಬಂದ ಮೇಲೆ ಇವೆರಡನ್ನೂ ಒಂದೇ ಎಂದು ತಿಳಿಯುವವರು ಹೆಚ್ಚಾಗಿದ್ದಾರೆ.

ನಮ್ಮ ಹುಡುಗಿಯ ಕಾಗದಕ್ಕೆ ವಿಳಾಸವಿತ್ತು. ಅವಳದು ಬೇರೊಂದು ಚಿತ್ರ, ಮರಿಗಳ ಜೊತೆ ಕೆದರುತ್ತಿರುವ ಕೋಳಿ, ಪ್ರದರ್ಶನಕ್ಕೆ ಬಂತು. ಎರಡು ದಾರ, ನಾಲ್ಕೂವರೆ ಅಡಿ. ಪರವಾಗಿಲ್ಲ ಎನ್ನುವಂಥ ಕೋಳಿ. ಮಾಸ್ತರು ಮೊಬೈಲಿನಲ್ಲಿದ್ದ ಗುಡಿಸಲಿನ ಚಿತ್ರವನ್ನು ಅವಳೆದುರಿಗೇ ಅಳಿಸಿದರು. ಅದನ್ನು ಅವರು ಮನಸ್ಸಿಲ್ಲದೆ ಮಾಡಿದರು ಎಂಬುದು ಕಾಣುತ್ತಿತ್ತು. ಆದರೂ ಮಾಡಿದರು ಎಂಬುದಕ್ಕಾಗಿ ಅವರ ಮೇಲಿನ ನನ್ನ ಗೌರವ ಹೆಚ್ಚಿತು. ಕತ್ತಲ ಕೋಣೆಯ ದೊಡ್ಡ ಗೋಡೆಗೆ ಏನು ಬಿಡುವುದೆಂದು ಕೊನೆಯ ಗಳಿಗೆಯಲ್ಲಿ ಮತ್ತೆ ಹುಡುಕಾಟ. 25ಕ್ಕೆ 7ರ ನವಿಲು ಹತ್ತು ಅಡಿಯಾಗಿ ನಿಂತಿತು. ಅವನು ದಿನವಿಡೀ ಅದರ ಪಕ್ಕವನ್ನು ಬಿಟ್ಟು ಕದಲಲಿಲ್ಲ.

ಪ್ರದರ್ಶನ ಚೆನ್ನಾಗಿಯೇ ಆಯಿತು. ಬಂದ ಅಧಿಕಾರಿಗಳು ಬಗ್ಗಿಯೇ ನೋಡಿದರು. ಪಂಚೆಯ ಮೇಲಿನ ಬೇವಿನ ಮರವನ್ನು ಕಾಣಲು ಬೇಕಾದ ಐದು ನಿಮಿಷ ಮಾತ್ರ ಅವರಲ್ಲಿರಲಿಲ್ಲ. ಕತ್ತಲನ್ನಷ್ಟೇ ನೋಡಿ, “ಒಳ್ಳೆಯ ಪ್ರಯತ್ನ” ಎಂದು ಹೋದರು. ಊರಿನ ಹೆಂಗಸರು ಕೂತು ನೋಡಿದರು. ತೂತಿನ ಬಳಿ ಎಂಟನೇ ತರಗತಿಯ ಆ ಹುಡುಗನನ್ನೇ ಕಾವಲಿಗೆ ಕೂರಿಸಿದ್ದೆವು.

ಇಳಿಸುವ ದಿನ ತಂಗೂಸಿ ದಾರವನ್ನು ಕತ್ತರಿಸದೆ ಬಿಚ್ಚಿ, ಒಂದು ರಟ್ಟಿಗೆ ಸುತ್ತಿಟ್ಟೆವು. ಇಲಾಖೆಗೆ ವರದಿ, ಚಿತ್ರಗಳ ಫೋಟೋ ಕಳಿಸಬೇಕಿತ್ತು, ಕಳಿಸಿದೆವು. ಮೂಲ ಚಿತ್ರಗಳನ್ನು ಶಾಲೆಯ ಕಪಾಟಿನಲ್ಲಿ ಇಡುವ ರೂಢಿಯಿತ್ತು. ಈ ಸಲ ಕೇಳಿದವರಿಗೆಲ್ಲ ಅವರವರ ಹಾಳೆ ವಾಪಸು ಕೊಟ್ಟೆವು, ಕೇಳದವರದು ಮಾತ್ರ ಕಪಾಟಿಗೆ ಹೋಯಿತು. ಸುಮಾರು ಅರ್ಧ ಮಕ್ಕಳು ಕೇಳಿದರು.

ಯುಗಾದಿಗೆ ಹುಡುಗಿಯ ತಾಯಿ ಬಂದಿದ್ದಳು. ಹಬ್ಬದ ಮರುದಿನ ಅಂಗಡಿಯ ಹತ್ತಿರ ನನಗೂ ಸಿಕ್ಕಳು. “ಅರಾಮ ಅದೀರೇನ್ರೀ ಅಕ್ಕಾರ” ಎಂದು ಕೇಳಿದಳು, ಮಗಳು ಹೇಗೆ ಓದುತ್ತಾಳೆಂದು ವಿಚಾರಿಸಿದಳು. ಚಿತ್ರದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಡ್ರಾಯಿಂಗ್ ಮಾಸ್ತರು ಮಾತ್ರ ತಡೆಯಲಾರದೆ ಹುಡುಗಿಯನ್ನು ಕೇಳಿದರಂತೆ, ಅವ್ವ ನೋಡಿ ಏನಂದಳು ಎಂದು. “ಕಿಟಕಿ ಭಾಳ ಅದಾವ ಅಂದ್ಲು ಸರ್” ಎಂದು ಹೇಳಿ ಓಡಿದಳಂತೆ.